ಎಂಜಿನ್ನಿನ ಉಸಿರು



ಸತ್ಯಮಂಗಲದ ಕಡೆಯಿಂದ ತಾಳವಾಡಿಗೆ ಬರುವವರು ದಿಂಬಂ ಘಾಟಿಯನ್ನು ಹತ್ತಬೇಕು. ಬಣ್ಣಾರಿ ಅಮ್ಮನ ಗುಡಿ ದಾಟಿದ ಮೇಲೆ ಇಪ್ಪತ್ತೇಳು ಕಡಿದಾದ ತಿರುವುಗಳು. ನಾನು ನಿಮ್ಮ ವಯಸ್ಸಿನವನಾಗಿದ್ದಾಗ ಒಂದು ಮದುವೆಗೆಂದು ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ಆ ಘಾಟಿಯನ್ನು ಹತ್ತಿದ್ದೆ. ಕಾರಿನೊಳಗೆ ಚಾಲಕನೂ ಸೇರಿ ಒಂಬತ್ತು ಜನ. ಮೇಲೆ ಪಾತ್ರೆಗಳ ಮೂಟೆ. ಕಾರು ಆಮೆಯ ಹಾಗೆ ಹತ್ತಿತು, ಆದರೆ ಒಂದು ಕಡೆಯೂ ನಿಲ್ಲಲಿಲ್ಲ. "ಇನ್ನೂ ಜೋರಾಗಿ ಓಡಿಸಬಾರದೇ?" ಎಂದು ನಾನು ಕೇಳಿದೆ. ಚಾಲಕ ನಕ್ಕು, "ಇದು ಓಡೋ ಎಂಜಿನ್ ಅಲ್ಲ ಮಗಾ, ಎಳೆಯೋ ಎಂಜಿನ್" ಎಂದ. ಆ ಮಾತಿನ ಅರ್ಥ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಆ ಕಾರಿನ ಎಂಜಿನ್ನಿಗೆ ದೂರದ ಇಂಗ್ಲೆಂಡಿನಲ್ಲಿ ಒಡಹುಟ್ಟಿದವರಿದ್ದರು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಎಂಬ ಸಂಸ್ಥೆ ತಯಾರಿಸಿದ ಈ ಎಂಜಿನ್ನಿಗೆ 'ಬಿ-ಸೀರೀಸ್' ಎಂದು ಹೆಸರು. ನಾಲ್ಕು ಸಿಲಿಂಡರ್, ಒಟ್ಟು ಗಾತ್ರ 1489 ಘನ ಸೆಂಟಿಮೀಟರ್. ನಮ್ಮ ಅಂಬಾಸಿಡರ್‌ನಲ್ಲಿ ಅದು ಕೊಡುತ್ತಿದ್ದದ್ದು ಸುಮಾರು 50 ಅಶ್ವಶಕ್ತಿ. ಅಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1955ರಿಂದ ತಯಾರಾದ ಎಂ.ಜಿ.ಎ. ಎಂಬ ಎರಡು ಆಸನದ ಸ್ಪೋರ್ಟ್ಸ್ ಕಾರಿನಲ್ಲಿ ಅದೇ ಅಳತೆಯ ಎಂಜಿನ್ ಮೊದಲು 68, ಸ್ವಲ್ಪ ಕಾಲದಲ್ಲೇ 72 ಅಶ್ವಶಕ್ತಿ ಕೊಟ್ಟಿತು. 1957ರಲ್ಲಿ ಅಮೆರಿಕದ ಉಪ್ಪಿನ ಬಯಲಿನಲ್ಲಿ ಓಡಿದ ಒಂದು ದಾಖಲೆಯ ಕಾರಿನಲ್ಲಿ ಅದೇ ವಂಶದ, ಅದೇ 1489 ಘನ ಸೆಂಟಿಮೀಟರಿನ ಎಂಜಿನ್ ಸುಮಾರು 290 ಅಶ್ವಶಕ್ತಿ ಕೊಟ್ಟಿತು. ಅಳತೆ ಒಂದೇ, ಬಲ ಮಾತ್ರ 50, 72, 290. ಈ ವ್ಯತ್ಯಾಸ ಎಲ್ಲಿಂದ ಬಂತು? ಹಳೆಯ ಸ್ಪೋರ್ಟ್ಸ್ ಕಾರುಗಳ ಎಂಜಿನ್ನನ್ನು ತಿದ್ದಿ ಬಲ ಹೆಚ್ಚಿಸುವವರು ಏನು ಮಾಡುತ್ತಾರೆ? ಅದಕ್ಕೆ ಅವರು ಯಾವ ಬೆಲೆ ತೆರುತ್ತಾರೆ? ಈ ಪಾಠದಲ್ಲಿ ನೋಡೋಣ.

ಮೊದಲು ಬಾವಿಯ ಬಳಿಗೆ ಹೋಗೋಣ. ರಾಟೆಗೆ ಹಗ್ಗ ಹಾಕಿ ನೀರು ಸೇದುವುದನ್ನು ನೀವು ನೋಡಿದ್ದೀರಿ. ಒಂದು ಗಂಟೆಯಲ್ಲಿ ಹೆಚ್ಚು ನೀರು ಸೇದಬೇಕಾದರೆ ಏನು ಮಾಡಬೇಕು? ದೊಡ್ಡ ಕೊಡ ಇಳಿಬಿಡಬಹುದು. ಇರುವ ಕೊಡವನ್ನೇ ಪ್ರತಿಸಲ ಕಂಠಪೂರ್ತಿ ತುಂಬಿಸಬಹುದು. ಅವಸರದಲ್ಲಿ ಅರ್ಧ ತುಂಬಿದ ಕೊಡ ಎಳೆಯುವವರೇ ಹೆಚ್ಚು. ಇಲ್ಲವೇ ಬೇಗ ಬೇಗ ಸೇದಬಹುದು. ಎಂಜಿನ್ ಸೇದುವುದು ಗಾಳಿಯನ್ನು. ಒಂದು ಕಿಲೋಗ್ರಾಂ ಪೆಟ್ರೋಲ್ ಸಂಪೂರ್ಣವಾಗಿ ಉರಿಯಬೇಕಾದರೆ ಹದಿನಾಲ್ಕೂವರೆ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಅದು ಕಷ್ಟವಲ್ಲ. ಗಾಳಿಯನ್ನು ಒಳಗೆ ತರುವುದೇ ಕಷ್ಟ. ಎಂಜಿನ್ನಿನ ಬಲ ಹೆಚ್ಚಿಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಗಾಳಿಯ ವಿದ್ಯೆಯೇ.

ಪೆಟ್ರೋಲ್ ಎಂಜಿನ್ನಿನ ನಾಲ್ಕು ಘಟ್ಟಗಳನ್ನು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಪಿಸ್ಟನ್ ಕೆಳಗಿಳಿಯುವಾಗ ಒಳಕವಾಟ ತೆರೆದು ಗಾಳಿ-ಪೆಟ್ರೋಲಿನ ಮಿಶ್ರಣ ಒಳಬರುತ್ತದೆ. ಪಿಸ್ಟನ್ ಮೇಲೇರಿ ಅದನ್ನು ಒತ್ತುತ್ತದೆ. ಕಿಡಿ ಹಾರುತ್ತದೆ, ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಕೊನೆಗೆ ಹೊರಕವಾಟ ತೆರೆದು ಹೊಗೆ ಹೊರಹೋಗುತ್ತದೆ. ಇಷ್ಟು ನೆನಪಿದ್ದರೆ ಸಾಕು.

ದೊಡ್ಡ ಕೊಡದ ಉಪಾಯವನ್ನು ಮೊದಲು ತೆಗೆದುಕೊಳ್ಳೋಣ. ಒಂದು ಲೆಕ್ಕ ಮಾಡಿ. 1489ರ ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 73.025 ಮಿಲಿಮೀಟರ್, ಪಿಸ್ಟನ್ ಮೇಲಿಂದ ಕೆಳಗೆ ಚಲಿಸುವ ದೂರ 88.9 ಮಿಲಿಮೀಟರ್. ವೃತ್ತದ ವಿಸ್ತೀರ್ಣ ಸುಮಾರು 41.9 ಚದರ ಸೆಂಟಿಮೀಟರ್. ಅದನ್ನು 8.89ರಿಂದ ಗುಣಿಸಿದರೆ ಒಂದು ಸಿಲಿಂಡರಿಗೆ ಸುಮಾರು 372 ಘನ ಸೆಂಟಿಮೀಟರ್; ನಾಲ್ಕಕ್ಕೆ 1489. ಈಗ ಆ 88.9ನ್ನು ಮುಟ್ಟದೆ ವ್ಯಾಸವನ್ನು ಮಾತ್ರ ಹೆಚ್ಚಿಸಿ ನೋಡಿ. 75.4 ಮಿಲಿಮೀಟರ್ ಮಾಡಿದರೆ 1588, 76.2 ಮಾಡಿದರೆ 1622, 80.26 ಮಾಡಿದರೆ ಸುಮಾರು 1798. ಕಾರ್ಖಾನೆಯವರು ಮಾಡಿದ್ದೂ ಇದನ್ನೇ. ಎಂ.ಜಿ.ಎ. ಕಾರು 1959ರಲ್ಲಿ 1588ಕ್ಕೆ, 1961ರಲ್ಲಿ 1622ಕ್ಕೆ ಬಂತು. ಅದರ ಮುಂದಿನ ಎಂ.ಜಿ.ಬಿ. ಕಾರು 1962ರಲ್ಲಿ 1798 ಘನ ಸೆಂಟಿಮೀಟರಿನ ಎಂಜಿನ್ನಿನೊಂದಿಗೆ, 95 ಅಶ್ವಶಕ್ತಿಯೊಂದಿಗೆ ಹೊರಬಂತು.

ಆದರೆ ಸಿಲಿಂಡರುಗಳು ಒಂದೇ ಕಬ್ಬಿಣದ ಅಚ್ಚಿನಲ್ಲಿ ಅಕ್ಕಪಕ್ಕ ಇರುತ್ತವೆ. ಅವುಗಳ ನಡುವೆ ತಂಪುಗೊಳಿಸುವ ನೀರು ಹರಿಯಬೇಕು. ವ್ಯಾಸ ಹೆಚ್ಚಿದಂತೆಲ್ಲ ಗೋಡೆ ತೆಳುವಾಗುತ್ತದೆ, ನೀರಿನ ದಾರಿ ಕಿರಿದಾಗುತ್ತದೆ. 1798ಕ್ಕೆ ಹೋಗುವಾಗ ಎರಡೆರಡು ಸಿಲಿಂಡರುಗಳ ಗೋಡೆಯನ್ನು ಒಂದಕ್ಕೊಂದು ಅಂಟಿಸಿಯೇ ಎರಕ ಹೊಯ್ಯಬೇಕಾಯಿತು. ಕೆಳಗಿನ ಮುಖ್ಯ ದಂಡಕ್ಕೆ ಮೊದಲು ಮೂರೇ ಬೇರಿಂಗುಗಳಿದ್ದವು; ಹೆಚ್ಚಿದ ಒತ್ತಡಕ್ಕೆ ಅದು ಸಾಲದೆಂದು 1964ರಲ್ಲಿ ಐದು ಬೇರಿಂಗುಗಳನ್ನು ಕೊಟ್ಟರು. ಒಂದು ಕಡೆ ಬಲ ಹೆಚ್ಚಿಸಿದರೆ ಇನ್ನೊಂದು ಕಡೆ ಭಾರ ಬೀಳುತ್ತದೆ ಎಂಬುದನ್ನು ಇಲ್ಲಿ ಗಮನಿಸಿ. ಈ ಮಾತು ಮುಂದೆಯೂ ಬರುತ್ತದೆ.

ಇನ್ನು ಕೊಡವನ್ನು ತುಂಬಿಸುವ ವಿಷಯ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಸ್ವಾರಸ್ಯವಾದ ಭಾಗ ಇದೇ. ಎಂ.ಜಿ.ಎ. ಎಂಜಿನ್ ತನ್ನ ಪೂರ್ಣ ಬಲ ಕೊಡುತ್ತಿದ್ದದ್ದು ನಿಮಿಷಕ್ಕೆ 5500 ಸುತ್ತು ತಿರುಗುವಾಗ. ಅಂದರೆ ಸೆಕೆಂಡಿಗೆ ಸುಮಾರು 92 ಸುತ್ತು. ಆ ವೇಗದಲ್ಲಿ ಒಳಕವಾಟ ಒಮ್ಮೆ ತೆರೆದು ಮುಚ್ಚುವುದಕ್ಕೆ ಸಿಗುವ ಸಮಯ ಒಂದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಮುನ್ನೂರೆಪ್ಪತ್ತು ಘನ ಸೆಂಟಿಮೀಟರ್ ಗಾಳಿ ಕಾರ್ಬ್ಯುರೇಟರನ್ನು ದಾಟಿ, ಕೊಳವೆಯಲ್ಲಿ ಹರಿದು, ಕವಾಟದ ಸುತ್ತ ಬಳಸಿ ಒಳಸೇರಬೇಕು. ಗಾಳಿಗೂ ತೂಕವಿದೆ. ಅದನ್ನು ಓಡಿಸಲೂ ಹೊತ್ತು ಬೇಕು, ನಿಲ್ಲಿಸಲೂ ಹೊತ್ತು ಬೇಕು. ದಾರಿಯಲ್ಲಿ ಒಂದು ಚೂಪಾದ ಮೂಲೆಯಿದ್ದರೂ ಅದು ಅಲ್ಲಿ ಸುಳಿಯಾಗಿ ತಡೆಯುತ್ತದೆ.

ಬಿ-ಸೀರೀಸ್ ಎಂಜಿನ್ನಿಗೆ ಈ ವಿಷಯದಲ್ಲಿ ಹುಟ್ಟಿನಿಂದಲೇ ಒಂದು ತೊಡಕಿತ್ತು. ನಾಲ್ಕು ಸಿಲಿಂಡರಿಗೆ ಗಾಳಿ ಬರುವ ದ್ವಾರಗಳು ಎರಡೇ. ಒಂದು ಮತ್ತು ಎರಡನೆಯ ಸಿಲಿಂಡರುಗಳಿಗೆ ಒಂದು ದ್ವಾರ, ಮೂರು ಮತ್ತು ನಾಲ್ಕನೆಯದಕ್ಕೆ ಇನ್ನೊಂದು. ಹೊಗೆ ಹೋಗುವ ದ್ವಾರಗಳು ಮೂರು. ನಡುವಿನ ಎರಡು ಸಿಲಿಂಡರುಗಳಿಗೆ ಅಲ್ಲೂ ಪಾಲು. ಒಂದೇ ಮನೆಯ ಎರಡು ಸಂಸಾರಕ್ಕೆ ಒಂದೇ ನಲ್ಲಿ ಇದ್ದ ಹಾಗೆ. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ 1-3-4-2. ಆದ್ದರಿಂದ ಒಂದು ದ್ವಾರ ಹಂಚಿಕೊಂಡ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಗಾಳಿ ಕೇಳುತ್ತಾರೆ. ಮೊದಲನೆಯದು ತುಂಬಿ ಮುಗಿಯುವ ಮೊದಲೇ ಪಕ್ಕದ್ದು ಎಳೆಯಲು ಆರಂಭಿಸುತ್ತದೆ. ಅಗ್ಗವಾಗಿ, ಗಟ್ಟಿಮುಟ್ಟಾಗಿ ತಯಾರಿಸಲು ಈ ರಚನೆ ಅನುಕೂಲ. ಕುಟುಂಬದ ಕಾರಿಗೆ ಧಾರಾಳವಾಗಿ ಸಾಕು. ಅವರು ಅದನ್ನು ರೂಪಿಸಿದ್ದೇ ಕುಟುಂಬದ ಕಾರುಗಳಿಗಾಗಿ.

ಎಂ.ಜಿ.ಎ. ರೂಪಿಸಿದವರು ಮಾಡಿದ ಮೊದಲ ಕೆಲಸ ಒಂದರ ಬದಲು ಎರಡು ಕಾರ್ಬ್ಯುರೇಟರ್ ಇಟ್ಟದ್ದು. ಎರಡು ದ್ವಾರಕ್ಕೆ ಎರಡು. ಅವು ಎಸ್.ಯು. ಎಂಬ ಹೆಸರಿನವು, ಸ್ಕಿನ್ನರ್ ಮನೆತನದವರು ಆರಂಭಿಸಿದ 'ಸ್ಕಿನ್ನರ್ಸ್ ಯೂನಿಯನ್' ಎಂಬುದರ ಮೊದಲಕ್ಷರಗಳು. ಈ ಕಾರ್ಬ್ಯುರೇಟರ್ ಒಂದು ಚಮತ್ಕಾರದ ವಸ್ತು. ಅದರೊಳಗೆ ಮೇಲೆ ಕೆಳಗೆ ಚಲಿಸುವ ಒಂದು ಪಿಸ್ಟನ್ ಇದೆ. ಎಂಜಿನ್ ಹೆಚ್ಚು ಗಾಳಿ ಎಳೆದರೆ ಅದು ಮೇಲೇರಿ ದಾರಿ ಅಗಲ ಮಾಡುತ್ತದೆ, ಕಡಿಮೆ ಎಳೆದರೆ ಇಳಿದು ಕಿರಿದು ಮಾಡುತ್ತದೆ. ಪಿಸ್ಟನ್ನಿನ ತಳಕ್ಕೆ ಒಂದು ಸೂಜಿ. ಅದು ತುದಿಯ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ. ಪಿಸ್ಟನ್ ಏರಿದಂತೆ ಸೂಜಿಯೂ ಏರಿ ಪೆಟ್ರೋಲಿನ ರಂಧ್ರ ಅಗಲವಾಗುತ್ತದೆ. ಎಂಜಿನ್ನನ್ನು ತಿದ್ದುವವರು ಈ ಸೂಜಿಯನ್ನು ಬದಲಿಸುತ್ತಾರೆ. ಕೂದಲೆಳೆಯಷ್ಟು ದಪ್ಪ ತೆಳುವಿನ ವ್ಯತ್ಯಾಸದ ನೂರಾರು ಬಗೆಯ ಸೂಜಿಗಳಿವೆ. ಎರಡು ಕಾರ್ಬ್ಯುರೇಟರುಗಳೂ ಸಮನಾಗಿ ಉಸಿರಾಡುತ್ತಿವೆಯೇ ಎಂದು ತಿಳಿಯಲು ಹಳೆಯ ಕೆಲಸಗಾರರು ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೂ ಹಿಡಿದು ಸದ್ದು ಕೇಳುತ್ತಾರೆ. ವೈದ್ಯರು ಎದೆಯ ಸದ್ದು ಕೇಳುವಂತೆಯೇ.

ಮುಂದಿನದು ಸಿಲಿಂಡರಿನ ಮುಚ್ಚಳ, ಅಂದರೆ 'ಹೆಡ್'. ಗಾಳಿಯ ದಾರಿ, ಕವಾಟ, ಉರಿಯುವ ಗೂಡು ಎಲ್ಲವೂ ಅದರಲ್ಲೇ. ಈ ಎಂಜಿನ್ನಿನ ಉರಿಗೂಡಿಗೆ ಹೃದಯದ ಆಕಾರ ಕೊಟ್ಟವರು ಹ್ಯಾರಿ ವೆಸ್ಲೇಕ್. ಗಾಳಿಯ ಹರಿವನ್ನು ಅಳೆದು ನೋಡಿ ಹೆಡ್‌ಗಳನ್ನು ತಿದ್ದುವುದರಲ್ಲಿ ಅವರು ಹೆಸರಾದವರು. ಎರಕದಲ್ಲಿ ಉಳಿದ ಗಂಟುಗಳನ್ನು ಉಜ್ಜಿ ತೆಗೆಯುವುದು, ಕವಾಟದ ಹಿಂದಿನ ಬಾಗನ್ನು ನಯವಾಗಿ ತಿರುಗಿಸುವುದು, ದೊಡ್ಡ ಕವಾಟ ಕೂರಿಸುವುದು, ಇವೆಲ್ಲ ತಾಳ್ಮೆಯ ಕೈಕೆಲಸ. ಇದರಲ್ಲಿ ಹೊಸಬರು ಮಾಡುವ ತಪ್ಪುಗಳು ಎರಡು. ಒಳದಾರಿಯನ್ನು ಕನ್ನಡಿಯ ಹಾಗೆ ಹೊಳೆಯುವಂತೆ ಮಾಡಿದರೆ ಬಲ ಹೆಚ್ಚುತ್ತದೆ ಎಂದುಕೊಳ್ಳುತ್ತಾರೆ. ಹೊಳಪಿಗಿಂತ ಆಕಾರ ಮುಖ್ಯ. ಎರಡನೆಯದಾಗಿ, ದಾರಿ ಅಗಲವಾದಷ್ಟೂ ಒಳ್ಳೆಯದು ಎಂದುಕೊಂಡು ಕೊರೆಯುತ್ತ ಹೋಗುತ್ತಾರೆ. ಕಾಲುವೆಯನ್ನು ಅತಿಯಾಗಿ ಅಗಲ ಮಾಡಿದರೆ ನೀರಿನ ಓಟ ನಿಧಾನವಾಗುತ್ತದೆಯಲ್ಲವೇ? ಗಾಳಿಯೂ ಹಾಗೆಯೇ ಸೋಮಾರಿಯಾಗುತ್ತದೆ. ಕೊರೆದು ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಕವಾಟ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ತೀರ್ಮಾನಿಸುವುದು ಕ್ಯಾಮ್ ದಂಡ. ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಸರಳು ತಿರುಗುತ್ತ ಕವಾಟಗಳನ್ನು ತೆರೆಸುತ್ತದೆ. ಪಿಸ್ಟನ್ ತುದಿ ಮುಟ್ಟಿದಾಗ ಕವಾಟ ತೆರೆದು, ತಳ ಮುಟ್ಟಿದಾಗ ಮುಚ್ಚುತ್ತದೆ ಎಂದು ಚಿತ್ರದಲ್ಲಿ ಬರೆಯುತ್ತೇವೆ. ನಿಜವಾಗಿ ಹಾಗಿಲ್ಲ. ಎಂ.ಜಿ.ಬಿ. ಕಾರಿನ ಒಳಕವಾಟ ಪಿಸ್ಟನ್ ತುದಿ ತಲುಪುವುದಕ್ಕೆ 16 ಡಿಗ್ರಿ ಮೊದಲೇ ತೆರೆಯುತ್ತದೆ. ತಳ ಮುಟ್ಟಿ 56 ಡಿಗ್ರಿ ಕಳೆದ ಮೇಲೆ ಮುಚ್ಚುತ್ತದೆ. ಪಿಸ್ಟನ್ ಮೇಲೇರಲು ತೊಡಗಿದರೂ ಓಡಿ ಬರುತ್ತಿರುವ ಗಾಳಿ ತನ್ನ ಓಟದ ಭರದಿಂದ ಇನ್ನೂ ಒಳಗೆ ನುಗ್ಗುತ್ತಿರುತ್ತದೆ. ಆ ಭರವನ್ನು ವ್ಯರ್ಥ ಮಾಡಬಾರದೆಂದೇ ಬಾಗಿಲು ತಡವಾಗಿ ಮುಚ್ಚುವುದು.

ಓಟದ ಪಂದ್ಯಕ್ಕೆ ಕಾರು ಸಿದ್ಧ ಮಾಡುವವರು ಈ ಅವಧಿಯನ್ನು ಇನ್ನೂ ಹಿಗ್ಗಿಸುತ್ತಾರೆ. ಎಂಜಿನ್ ಬಹಳ ವೇಗವಾಗಿ ತಿರುಗುವಾಗ ಅದರಿಂದ ಕೊಡ ಚೆನ್ನಾಗಿ ತುಂಬುತ್ತದೆ. ಆದರೆ ನಿಧಾನವಾಗಿ ತಿರುಗುವಾಗ ಗಾಳಿಗೆ ಆ ಭರ ಎಲ್ಲಿಂದ ಬರಬೇಕು? ತೆರೆದೇ ಇರುವ ಬಾಗಿಲಿನಿಂದ ಒಳಬಂದ ಮಿಶ್ರಣವನ್ನು ಪಿಸ್ಟನ್ ವಾಪಸು ಹೊರಕ್ಕೆ ತಳ್ಳುತ್ತದೆ. ಎಂಜಿನ್ ನಿಂತಲ್ಲೇ ಕುಂಟುತ್ತದೆ, ಏರುದಾರಿಯಲ್ಲಿ ಉಸಿರು ಕಟ್ಟುತ್ತದೆ. ದಿಂಬಂ ಘಾಟಿಯ ಚಾಲಕ ನನಗೆ ಹೇಳಿದ್ದು ಇದನ್ನೇ. ಅಂಬಾಸಿಡರ್‌ನ ಎಂಜಿನ್ ಗರಿಷ್ಠ ಬಲ ಕೊಡುತ್ತಿದ್ದದ್ದು ನಿಮಿಷಕ್ಕೆ 4200 ಸುತ್ತಿನ ಹತ್ತಿರ; ಅದಕ್ಕಿಂತ ಬಹಳ ಕೆಳಗೆಯೂ ಗಟ್ಟಿಯಾಗಿ ಎಳೆಯುವಂತೆ ಅದನ್ನು ಹೊಂದಿಸಿದ್ದರು. ಒಂಬತ್ತು ಜನರನ್ನು ಹೇರಿಕೊಂಡು ತಿರುವಿನಲ್ಲಿ ಹತ್ತಬೇಕಾದ ಕಾರಿಗೆ ಪಂದ್ಯದ ಕ್ಯಾಮ್ ದಂಡ ಹಾಕಿದ್ದರೆ ನಾವು ಮುಹೂರ್ತಕ್ಕೆ ತಲುಪುತ್ತಿರಲಿಲ್ಲ.

ಉಸಿರು ಎಳೆದರೆ ಸಾಲದು, ಬಿಡಲೂ ಬೇಕು. ಹೊಗೆ ಹೊರಬರುವುದು ಅಲೆ ಅಲೆಯಾಗಿ. ಒಂದು ಅಲೆ ಕೊಳವೆಯಲ್ಲಿ ಮುಂದೆ ಸಾಗಿದಾಗ ಅದರ ಹಿಂದೆ ಒತ್ತಡ ಕಡಿಮೆಯಾಗುತ್ತದೆ. ಕೊಳವೆಯ ಉದ್ದ ಸರಿಯಾಗಿದ್ದರೆ ಆ ಕಡಿಮೆ ಒತ್ತಡ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಸೆಳೆದುಕೊಳ್ಳುತ್ತದೆ. ಅದಕ್ಕಾಗಿ ಹಳೆಯ ಎರಕದ ಕಬ್ಬಿಣದ ಭಾಗವನ್ನು ತೆಗೆದು ಉದ್ದವಾದ ಉಕ್ಕಿನ ಕೊಳವೆಗಳನ್ನು ಜೋಡಿಸುತ್ತಾರೆ. ಇಲ್ಲಿ ನಿಮಗೆ ಒಂದು ಮಾತು ಹೇಳಬೇಕು. ನಮ್ಮ ಊರುಗಳಲ್ಲಿ ಕೆಲವು ಹುಡುಗರು ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಕತ್ತರಿಸಿ ಬೀದಿಯಲ್ಲಿ ಗುಡುಗಿಸುತ್ತಾರೆ. ಸದ್ದು ಹೆಚ್ಚಿತೆಂದರೆ ಬಲವೂ ಹೆಚ್ಚಿತೆಂದು ಅವರ ಎಣಿಕೆ. ಆ ಕೊಳವೆಯ ಉದ್ದ, ಅಗಲ, ಒಳಗಿನ ತಡೆಗಳು ಆ ಎಂಜಿನ್ನಿಗೆ ಲೆಕ್ಕ ಹಾಕಿ ಮಾಡಿದವು. ಅದನ್ನು ಕಿತ್ತರೆ ಅಲೆಯ ಲೆಕ್ಕ ತಪ್ಪುತ್ತದೆ. ಗಾಳಿ ಪೆಟ್ರೋಲಿನ ಪ್ರಮಾಣ ಕೆಟ್ಟು, ಎಷ್ಟೋ ವೇಳೆ ಇದ್ದ ಬಲವೂ ಕುಗ್ಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ.

ಮಿಶ್ರಣ ಒಳಗೆ ಬಂದಾಯಿತು. ಅದನ್ನು ಉರಿಸುವ ಮೊದಲು ಹೆಚ್ಚು ಒತ್ತಿದಷ್ಟೂ ಉರಿಯಿಂದ ಹೆಚ್ಚು ಕೆಲಸ ಸಿಗುತ್ತದೆ. ಒತ್ತುವ ಮೊದಲಿನ ಗಾತ್ರಕ್ಕೂ ಒತ್ತಿದ ನಂತರದ ಗಾತ್ರಕ್ಕೂ ಇರುವ ಅನುಪಾತವನ್ನು ಸಂಪೀಡನ ಅನುಪಾತ ಎನ್ನುತ್ತೇವೆ. ಎಂ.ಜಿ.ಎ. ಕಾರಿನಲ್ಲಿ ಅದು 8.3. ಅಂದರೆ ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ 372ನ್ನು 7.3ರಿಂದ ಭಾಗಿಸಿದಷ್ಟು, ಸುಮಾರು 51 ಘನ ಸೆಂಟಿಮೀಟರ್. ಈ ಅನುಪಾತವನ್ನು 9.5 ಮಾಡಬೇಕಾದರೆ ಆ ಜಾಗ ಸುಮಾರು 44 ಆಗಬೇಕು. ವ್ಯತ್ಯಾಸ ಬರೀ 7 ಘನ ಸೆಂಟಿಮೀಟರ್. ಒಂದೂವರೆ ಟೀ ಚಮಚಕ್ಕಿಂತ ಕಡಿಮೆ. ಹೆಡ್‌ನ ತಳವನ್ನು ಯಂತ್ರದಲ್ಲಿ ತೆಳುವಾಗಿ ಹೆರೆದರೆ ಇದು ಸಾಧ್ಯ.

ಹಾಗಾದರೆ ಇನ್ನೂ ಹೆಚ್ಚು ಹೆರೆಯಬಾರದೇಕೆ? ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಿ. ಕಿಡಿಯಿಂದ ಹೊರಟ ಬೆಂಕಿ ಗೂಡಿನ ಇನ್ನೊಂದು ಅಂಚನ್ನು ಮುಟ್ಟುವ ಮೊದಲೇ ಅಲ್ಲಿನ ಮಿಶ್ರಣ ತಾನಾಗಿಯೇ ಸಿಡಿದರೆ ಎಂಜಿನ್ನಿನಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಬರುತ್ತದೆ. ಇದಕ್ಕೆ 'ನಾಕಿಂಗ್' ಎನ್ನುತ್ತಾರೆ. ಇದು ಮುಂದುವರಿದರೆ ಪಿಸ್ಟನ್ನಿನ ತಲೆ ಕರಗಿ ತೂತಾಗಬಹುದು. ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಹೇಳುವುದು ಈ ಸಿಡಿತವನ್ನು ಅದು ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು. ಕಿಡಿಯ ಸಮಯವೂ ಇದಕ್ಕೆ ಸಂಬಂಧಿಸಿದ್ದೇ. ಮಿಶ್ರಣ ಉರಿಯಲು ಸ್ವಲ್ಪ ಹೊತ್ತು ಬೇಕಾದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸುತ್ತಾರೆ. ಅತಿ ಬೇಗ ಹಾರಿಸಿದರೆ ಮತ್ತೆ ಅದೇ ಬಡಿತ.

ಹಿಂದೆ ಈ ಬಡಿತವನ್ನು ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಸೀಸ ವಿಷ, ಮಕ್ಕಳ ಮಿದುಳಿಗಂತೂ ಬಹಳ ಕೆಟ್ಟದ್ದು. ನಮ್ಮ ದೇಶದಲ್ಲಿ 2000ರಲ್ಲಿ ಅದನ್ನು ಕೈಬಿಡಲಾಯಿತು. ಹಳೆಯ ಎಂಜಿನ್ನುಗಳಲ್ಲಿ ಆ ಸೀಸವೇ ಹೊರಕವಾಟ ಕೂರುವ ಪೀಠಕ್ಕೆ ಮೆತ್ತೆಯ ಹಾಗೆ ಇತ್ತು. ಅದಿಲ್ಲದೆ ಮೆದು ಕಬ್ಬಿಣದ ಪೀಠ ಬೇಗ ಸವೆಯುತ್ತದೆ. ಆದ್ದರಿಂದ ಇಂದು ಇಂಥ ಎಂಜಿನ್ನನ್ನು ಬಿಚ್ಚಿದವರು ಮೊದಲು ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸುತ್ತಾರೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಇನ್ನೊಂದು ಚಿಂತೆ. ಅದರಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರ್ ಭಾಗಗಳೂ ಹಾಳಾಗುತ್ತವೆ. ಸೂಜಿಯನ್ನೂ ರಬ್ಬರನ್ನೂ ಬದಲಿಸಬೇಕಾಗುತ್ತದೆ.

ಮೂರನೆಯ ಉಪಾಯ ಬೇಗ ಬೇಗ ಸೇದುವುದು. ಪಿಸ್ಟನ್ ಪ್ರತಿ ಸುತ್ತಿನಲ್ಲಿ 88.9 ಮಿಲಿಮೀಟರ್ ಇಳಿದು ಅಷ್ಟೇ ಏರಬೇಕು. ನಿಮಿಷಕ್ಕೆ 4200 ಸುತ್ತಿನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 12.4 ಮೀಟರ್. 6700 ಸುತ್ತಿನಲ್ಲಿ ಸುಮಾರು 19.9 ಮೀಟರ್. ವೇಗ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಿದರೂ, ಪಿಸ್ಟನ್ನನ್ನು ಪ್ರತಿಸಲ ನಿಲ್ಲಿಸಿ ತಿರುಗಿಸುವ ಬಲ ವರ್ಗದ ಲೆಕ್ಕದಲ್ಲಿ ಏರಿ ಎರಡೂವರೆ ಪಟ್ಟಾಗುತ್ತದೆ. ಪಿಸ್ಟನ್ನನ್ನು ಹಿಡಿದಿರುವ ಸರಳು, ಅದರ ಬೋಲ್ಟು, ಬೇರಿಂಗು ಎಲ್ಲವೂ ಆ ಎಳೆತವನ್ನು ತಾಳಬೇಕು. ಅನುಭವಸ್ಥರು ಮೇಲಿನ ಹೆಡ್‌ಗೆ ಕೈಹಾಕುವ ಮೊದಲು ಕೆಳಗಿನ ಈ ಭಾಗಗಳನ್ನು ತೂಗಿ ಸಮ ಮಾಡುತ್ತಾರೆ, ಬಿರುಕುಗಳಿಗಾಗಿ ಪರೀಕ್ಷಿಸುತ್ತಾರೆ. ಹೊರಗೆ ಕಾಣದ ಕೆಲಸ; ಬಹಳ ಜನ ಇದನ್ನು ಬಿಡುತ್ತಾರೆ.

ಈ ಎಲ್ಲ ಉಪಾಯಗಳನ್ನೂ ಕೊನೆಯವರೆಗೆ ಒಯ್ದರೆ ಏನಾಗುತ್ತದೆ ಎಂಬುದನ್ನು 1957ರ ಆಗಸ್ಟ್ 23ರಂದು ಎಂ.ಜಿ.ಯವರು ಜಗತ್ತಿಗೆ ತೋರಿಸಿದರು. ಅಮೆರಿಕದ ಯೂಟಾ ರಾಜ್ಯದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ನೀರಿನ ಹನಿಯ ಆಕಾರದ ಒಂದು ಕಾರು ಗಂಟೆಗೆ 395 ಕಿಲೋಮೀಟರ್ ವೇಗದಲ್ಲಿ ಓಡಿತು. ಅದರ ಹೆಸರು ಇ.ಎಕ್ಸ್. 181, ನಡೆಸಿದವರು ಹೆಸರಾಂತ ಸ್ಪರ್ಧಿ ಸ್ಟರ್ಲಿಂಗ್ ಮಾಸ್. ನಾನು ಆರಂಭದಲ್ಲಿ ಹೇಳಿದ 290 ಅಶ್ವಶಕ್ತಿಯ ಎಂಜಿನ್ ಇದರದ್ದೇ. ಇದರಲ್ಲಿ ಗಾಳಿ ತಾನಾಗಿ ಬರಲಿ ಎಂದು ಕಾಯಲಿಲ್ಲ. ಎಂಜಿನ್ನಿನಿಂದಲೇ ತಿರುಗುವ ಸೂಪರ್‌ಚಾರ್ಜರ್ ಎಂಬ ಪಂಪು ಗಾಳಿಯನ್ನು ಒತ್ತಿ ಒಳಗೆ ತುರುಕುತ್ತಿತ್ತು. ಎರಡು ವರ್ಷದ ನಂತರ, 1959ರಲ್ಲಿ, ಗಾತ್ರವನ್ನು 1506ಕ್ಕೆ ಹೆಚ್ಚಿಸಿದ ಎಂಜಿನ್ನಿನೊಂದಿಗೆ ಫಿಲ್ ಹಿಲ್ ಅದೇ ಕಾರನ್ನು ಗಂಟೆಗೆ 400 ಕಿಲೋಮೀಟರಿಗೂ ಮೀರಿ ಓಡಿಸಿದರು. ಅಂಥ ಎಂಜಿನ್ ಕೆಲವು ನಿಮಿಷ ಬದುಕಿದರೆ ಸಾಕಿತ್ತು. ಜನ ಕೊಂಡು ದಿನವೂ ಓಡಿಸುವ ಕಾರಿನದು ಬೇರೆಯೇ ಪರೀಕ್ಷೆ.

ಆ ಪರೀಕ್ಷೆ 1958ರಲ್ಲಿ ಬಂತು. ದಾಖಲೆಯ ಕಾರಿನಿಂದ ಕಲಿತದ್ದನ್ನು ಬಳಸಿ ಅವರು 'ಎಂ.ಜಿ.ಎ. ಟ್ವಿನ್ ಕ್ಯಾಮ್' ಎಂಬ ಕಾರನ್ನು ಮಾರಾಟಕ್ಕೆ ತಂದರು. ಅದೇ ಬಿ-ಸೀರೀಸ್ ಬುಡದ ಮೇಲೆ ಹೊಸ ಅಲ್ಯೂಮಿನಿಯಂ ಹೆಡ್. ಅದರ ಮೇಲೆ ಎರಡು ಕ್ಯಾಮ್ ದಂಡಗಳು. ಗಾಳಿ ಒಂದು ಪಕ್ಕದಿಂದ ಬಂದು ಹೊಗೆ ಇನ್ನೊಂದು ಪಕ್ಕಕ್ಕೆ ನೇರವಾಗಿ ಹೋಗುತ್ತಿತ್ತು. ಒಂದೇ ನಲ್ಲಿಯ ಹಳೆಯ ತೊಡಕು ನಿವಾರಣೆಯಾಯಿತು. ಗಾತ್ರ 1588, ಸಂಪೀಡನ ಅನುಪಾತ 9.9, ನಿಮಿಷಕ್ಕೆ 6700 ಸುತ್ತಿನಲ್ಲಿ 108 ಅಶ್ವಶಕ್ತಿ. ಆ ಕಾಲಕ್ಕೆ, ಆ ಗಾತ್ರಕ್ಕೆ ಬಹಳ ದೊಡ್ಡ ಸಾಧನೆ. ಸ್ವಲ್ಪ ದಿನಗಳಲ್ಲೇ ದೂರುಗಳು ಬರತೊಡಗಿದವು. ಕಾರು ಕೊಂಡವರ ಎಂಜಿನ್ನುಗಳಲ್ಲಿ ಪಿಸ್ಟನ್ ಸುಟ್ಟು ತೂತಾಗುತ್ತಿತ್ತು. ಪೆಟ್ರೋಲ್ ಸಾಲದು ಎಂದರು, ಕಿಡಿಯ ಸಮಯ ತಪ್ಪಾಗಿದೆ ಎಂದರು, ಕೊಂಡವರಿಗೆ ಓಡಿಸಲು ಬರುವುದಿಲ್ಲ ಎಂದವರೂ ಇದ್ದರು. ಸಂಪೀಡನವನ್ನು 8.3ಕ್ಕೆ ಇಳಿಸಿದರು, ಬಲ ಸುಮಾರು 100ಕ್ಕೆ ಇಳಿಯಿತು. ಅಷ್ಟು ಹೊತ್ತಿಗೆ ಹೆಸರು ಕೆಟ್ಟಿತ್ತು. 1960ರಲ್ಲಿ ತಯಾರಿಕೆ ನಿಲ್ಲಿಸಿದರು. ಎಲ್ಲ ಬಗೆಯ ಎಂ.ಜಿ.ಎ. ಸೇರಿ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದರೆ, ಅವುಗಳಲ್ಲಿ ಟ್ವಿನ್ ಕ್ಯಾಮ್ 2111 ಮಾತ್ರ.

ನಿಜವಾದ ಕಾರಣ ತಿಳಿದದ್ದು ಬಹಳ ವರ್ಷಗಳ ಮೇಲೆ. ಎಂಜಿನ್ ಒಂದು ನಿರ್ದಿಷ್ಟ ವೇಗದಲ್ಲಿ ತಿರುಗುವಾಗ ಅದರ ಅದುರು ಕಾರ್ಬ್ಯುರೇಟರುಗಳನ್ನೂ ಅಲುಗಿಸುತ್ತಿತ್ತು. ಅವುಗಳ ಬಟ್ಟಲಿನಲ್ಲಿದ್ದ ಪೆಟ್ರೋಲ್ ಕಡೆದ ಮಜ್ಜಿಗೆಯ ಹಾಗೆ ನೊರೆಯೇಳುತ್ತಿತ್ತು. ನೊರೆಯಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಮಿಶ್ರಣ ತೆಳುವಾಗಿ, ಅತಿಯಾಗಿ ಬಿಸಿಯೇರಿ, ಸಿಡಿತ ಹುಟ್ಟಿ ಪಿಸ್ಟನ್ ಸುಡುತ್ತಿತ್ತು. ಹೆಡ್, ಕ್ಯಾಮ್, ಕವಾಟ ಯಾವುದರಲ್ಲೂ ಮೂಲ ದೋಷವಿರಲಿಲ್ಲ. ಇಂದು ಆ ಕಾರುಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಎಂಜಿನ್ನಿಗೂ ಕಾರ್ಬ್ಯುರೇಟರಿಗೂ ನಡುವೆ ಅದುರನ್ನು ಹೀರಿಕೊಳ್ಳುವ ಮೆದುವಾದ ಜೋಡಣೆ ಹಾಕಿ ಓಡಿಸುತ್ತಾರೆ.